ಪಂದ್ಯ ಮುಗಿದ ಮೇಲೆ ಎತ್ತಬೇಕಿದ್ದ ಮಾತು

ನಾವು ಹೇಗೆ ಸೋತೆವು ಎಂದು ಕೇಳಿದರೆ ಇಂದಿಗೂ ನಾನು ಸರಿಯಾಗಿ ಹೇಳಲಾರೆ. ಸೋತದ್ದು ಭಾರತ ತಂಡ, ಒಂದು ಏಕದಿನ ಪಂದ್ಯದಲ್ಲಿ. ಆದರೆ ಬೀದರಿನ ನಮ್ಮ ಮನೆಯಲ್ಲಿ 'ನಾವು' ಎನ್ನುವುದೇ ರೂಢಿ.

ಅಂದು ಭಾನುವಾರ. ಚರ್ಚಿನಿಂದ ಬಂದು ಊಟ ಮುಗಿಸಿ ಪಂದ್ಯ ನೋಡುತ್ತಿದ್ದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಭಾಲ್ಕಿಯಿಂದ ಹುಡುಗ, ಅವನ ತಂದೆ, ತಾಯಿ ಬಂದರು. ಹುಡುಗ ಶಾಲೆಯ ಮಾಸ್ತರ. ನನ್ನ ತಂಗಿ ಔರಾದಿನಲ್ಲಿ ನರ್ಸ್. ಇಬ್ಬರಿಗೂ ಒಪ್ಪಿಗೆಯಿರುವುದು ಎರಡೂ ಮನೆಗೆ ಗೊತ್ತಿತ್ತು. ಉಳಿದದ್ದು ಒಂದೇ: ಹುಡುಗನ ತಂದೆ ನಮ್ಮಪ್ಪನ ಎದುರು ಬಾಯಿಬಿಟ್ಟು ಹೆಣ್ಣು ಕೇಳಬೇಕು. ನಮ್ಮಲ್ಲಿ ಆ ಮಾತನ್ನು ಗಂಡಿನ ಕಡೆಯ ಹಿರಿಯರೇ ಎತ್ತಬೇಕು, ಅದೂ ಎಲ್ಲರ ಮುಖ ಅರಳಿರುವಾಗ. ಎತ್ತದೆ ಎದ್ದು ಹೋದರೆ ಸಂಬಂಧ ಮುಗಿದಂತೆ.

ನಮಗೆ ಬೇಕಿದ್ದದ್ದು ಸ್ವಲ್ಪವೇ ರನ್, ಕೈಯಲ್ಲಿ ಬೇಕಾದಷ್ಟು ವಿಕೆಟ್. ಅಪ್ಪ ಟಿವಿ ಬಂದ್ ಮಾಡಲು ಎದ್ದರು.

"ಇರ್ಲಿ ಬಿಡ್ರಿ," ಎಂದರು ಹುಡುಗನ ತಂದೆ. "ಗೆದ್ದೇ ಬಿಟ್ಟೀವಿ. ಇದೊಂದು ಮುಗೀಲಿ, ಬಾಯಿ ಸೀ ಮಾಡ್ಕೊಂಡೇ ಮಾತಾಡೋಣ."

"ಖರೇ ಅದರಿ," ಎಂದು ಅಪ್ಪ ಕುಳಿತುಬಿಟ್ಟರು. ಪೇಢೆಯ ಡಬ್ಬಿ ಟಿವಿಯ ಪಕ್ಕದಲ್ಲೇ ಇತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ನನಗೂ ಅನ್ನಿಸಿತು.

ಮುಂದಿನದೆಲ್ಲ ನೆನಪಿನಲ್ಲಿ ಒಂದರ ಮೇಲೊಂದು ಬಿದ್ದಿದೆ. ಒಬ್ಬ ಬೌಲ್ಡ್ ಆದ. ಇನ್ನೊಬ್ಬ ಬಂದ, ಗ್ಲೌಸ್ ಸರಿಮಾಡಿಕೊಂಡ, ಹೋದ. ಮತ್ತೊಬ್ಬನೂ ಹೋದ. ಯಾರು ಮೊದಲು, ಯಾರು ಆಮೇಲೆ ಎಂಬುದು ನಾನು ಕಂಡದ್ದೋ, ಮೊಬೈಲಿನಲ್ಲಿ ಹೈಲೈಟ್ಸ್ ನೋಡಿ ಜೋಡಿಸಿಕೊಂಡದ್ದೋ ತಿಳಿಯದು. ಕೊನೆಯ ರನೌಟ್ ಮಾತ್ರ ಕಣ್ಣಾರೆ ಕಂಡದ್ದು ಎಂದುಕೊಂಡಿದ್ದೇನೆ: ಇಬ್ಬರೂ ಒಂದೇ ತುದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗೋಡೆಯಾಚೆ ಪಕ್ಕದ ಮನೆಯ ಚಾಚಾ, "ಗಯಾ, ಸಬ್ ಗಯಾ!" ಎಂದು ಕೂಗಿಕೊಂಡರು.

ಯಾರೋ ಟಿವಿ ಆರಿಸಿದರು. ಸಾವಿನ ಮನೆಯಲ್ಲೂ ಇದಕ್ಕಿಂತ ಹೆಚ್ಚು ಮಾತಿರುತ್ತದೆ. ಹುಡುಗನ ತಂದೆ ಎದ್ದು, "ಬರ್ತೀವ್ರಿ, ಬಸ್ಸು..." ಎಂದರು. ಅಪ್ಪ, "ಹೂಂನ್ರಿ, ಹೋಗಿ ಬರ್ರಿ," ಎಂದರು. ನಾನು ಅವರ ಚಪ್ಪಲಿ ಹುಡುಕಿಕೊಟ್ಟೆ.

ಆಗ ತಂಗಿ ಪೇಢೆಯ ಡಬ್ಬಿ ಹಿಡಿದು ಹೊಸ್ತಿಲಿಗೆ ಬಂದಳು.

"ಅಪ್ಪಾ, ಇದು ಯಾರಿಗಿ ತಂದಿದ್ದಿ? ಆ ಆಡೋ ಮಂದಿಗೇನು?"

ಹುಡುಗನ ತಾಯಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು. ಬೆಚ್ಚಿದವರಂತೆ ಗಂಡನ ಕಡೆ ತಿರುಗಿದರು. "ಏನ್ರೀ, ಯಾತಕ್ಕ ಬಂದಿದ್ದಿವಿ, ಏನು ಮಾಡಿ ಹೊಂಟೀವಿ? ಅವರು ಗೆಲ್ಲೋತನ ಕಾಯ್ಕೋತ ಕೂತ್ರ ನಮ್ಮ ಹುಡುಗ ಮುದುಕ ಆಗ್ತಾನ." ಗಂಡ ಇನ್ನೂ ಚಪ್ಪಲಿ ಮೆಟ್ಟುತ್ತಲೇ ಇದ್ದರು. ಆಕೆ ಅಪ್ಪನಿಗೆ ತಾವೇ ಕೈಮುಗಿದರು. "ಅಣ್ಣಾರ, ನಿಮ್ಮ ಮಗಳನ್ನ ನಮ್ಮ ಮನಿಗಿ ಕೊಡ್ರಿ."

"ಆಂ? ಕೊಟ್ಟೀವ್ರಿ, ಕೊಟ್ಟೀವಿ," ಎಂದರು ಅಪ್ಪ.

ಹುಡುಗನ ತಂದೆ ಪೇಢೆ ಬಾಯಿಗಿಟ್ಟುಕೊಂಡು ಅಗಿದರು. "ಅಲ್ರೀ ಬೀಗರ, ಅಂವ ಆ ರನ್ನಿಗಿ ಓಡಿದ್ದಾದ್ರೂ ಯಾಕಂತೇನಿ?"

ಇದನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ವಿಕೆಟ್ ಬೀಳುವಾಗಲೆಲ್ಲ ತಂಗಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದಳು ಎಂದೂ ಸೇರಿಸುತ್ತಿದ್ದೆ. ಆ ಬಾಗಿಲು, ಅವಳ ಸೀರೆಯ ಬಣ್ಣ ಕೂಡ ನೆನಪಿದೆ. ಮೊನ್ನೆ ಭಾಲ್ಕಿಯ ಅವಳ ಮನೆಯಲ್ಲೇ ಹೇಳುತ್ತಿದ್ದೆ. ಅವಳು ಚಹಾ ಸೋಸುವುದನ್ನು ನಿಲ್ಲಿಸಿದಳು.

"ನಾ ಎಲ್ಲಿ ನಿಂತಿದ್ನಿ ಅಣ್ಣಾ? ಮಾಳಿಗಿ ಮ್ಯಾಲ ಒಣಗಿದ ಅರಬಿ ತೆಗೀಲತ್ತಿದ್ನಿ. ಚಾಚಾ ಒದರಿದ್ದು ಕೇಳಿ ಕೆಳಗ ಬಂದ್ನಿ."

ಚಾಚಾ ಒದರದೆ ಇದ್ದಿದ್ದರೆ? ಮಾಳಿಗೆಯ ಮೇಲೆ ಇನ್ನೆರಡು ಬಟ್ಟೆ ಇದ್ದು, ಅಷ್ಟರಲ್ಲಿ ಅವರು ಬಸ್ಸು ಹತ್ತಿಬಿಟ್ಟಿದ್ದರೆ? ನನ್ನ ಕೈಯಲ್ಲಿದ್ದ ಖಾಲಿ ಕಪ್ಪನ್ನು ನಾನು ನೆಲಕ್ಕಿಟ್ಟೆ.