ಅಳಲು ಬಂದವರು ಫೋನ್ ಹಿಡಿದರು

"ಹುಬ್ಬಳ್ಳಿ ದವಾಖಾನಿಯಿಂದ ಫೋನ್ ಬಂದಿತ್ತವಾ. ನಿನ್ನ ಹೆಸರು ಹೇಳಿದ್ರು, ಅಷ್ಟರಾಗ ಕಟ್ ಆತು."

ನಮ್ಮ ಬಾಗಿಲಲ್ಲಿ ನಿಂತು ಇಷ್ಟು ಹೇಳಿದ ಶಿವಪ್ಪ ಕಾಕಾ ನನ್ನ ಮುಖ ನೋಡಲಿಲ್ಲ.

ಕಾಕಾ ಹತ್ತಿ ವ್ಯಾಪಾರಿ. ನವಲಗುಂದದ ಹತ್ತಿರದ ನಮ್ಮ ಹಳ್ಳಿಯಲ್ಲಿ ಫೋನ್ ಇದ್ದದ್ದು ಅವರ ಅಂಗಡಿಯಲ್ಲಿ ಮಾತ್ರ.

ಎಂಬತ್ತರ ದಶಕದ ಮಾತು ಇದು. ನಾನಾಗ ಪಿಯುಸಿ ಓದುತ್ತಿದ್ದೆ. ಅವ್ವನಿಗೆ ಗರ್ಭಕೋಶದ ಕ್ಯಾನ್ಸರ್. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ರೇಡಿಯೇಷನ್ ನಡೆದಿತ್ತು. ನಮ್ಮ ಕಡೆಯವರು ಅದನ್ನು "ಕರೆಂಟ್ ಕೊಡೂದು" ಅನ್ನುತ್ತಿದ್ದರು.

ಅಪ್ಪ ಓಣಿಯವರಿಗೆ ಕ್ಯಾನ್ಸರ್ ಎಂದು ಹೇಳಿರಲಿಲ್ಲ. "ಹೊಟ್ಟ್ಯಾಗ ಗಡ್ಡಿ" ಎಂದಷ್ಟೇ ಹೇಳಿದ್ದ. ಯಾರಾದರೂ ನೋಡಲು ಹೋದರೆ ಗೊತ್ತಾದೀತೆಂದು ಆಸ್ಪತ್ರೆಯ ಹೆಸರನ್ನೂ ಬಿಟ್ಟುಕೊಟ್ಟಿರಲಿಲ್ಲ.

ಈಗಿನವರಿಗೆ ಒಂದು ಮಾತು ಹೇಳಬೇಕು. ಆಗ ಆಸ್ಪತ್ರೆಯಿಂದ ಊರಿಗೆ ಫೋನ್ ಬಂತೆಂದರೆ ಅದಕ್ಕೆ ಅರ್ಥ ಒಂದೇ. ಗುಣವಾಗುತ್ತಿದೆ ಎಂದು ಹೇಳಲು ಯಾರೂ ಟ್ರಂಕ್ ಕಾಲ್ ಬುಕ್ ಮಾಡುತ್ತಿರಲಿಲ್ಲ.

ನಾನು ಅಂಗಡಿ ಮುಟ್ಟುವ ಮೊದಲೇ ಸುದ್ದಿ ಓಣಿಗೆಲ್ಲ ಮುಟ್ಟಿತ್ತು. ಓಣಿಯ ಹೆಂಗಸರು ಒಲೆ ಆರಿಸಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು.

ಅವ್ವನ ಗೆಳತಿ, ಪಕ್ಕದ ಮನೆಯ ಗಂಗವ್ವ ಆಗಲೇ ಹಾಡಿಕೊಂಡು ಅಳುತ್ತಿದ್ದಳು. ಸತ್ತವರ ಒಳ್ಳೆಯ ಗುಣಗಳನ್ನು ಒಂದೊಂದಾಗಿ ಎತ್ತಿ ಅಳುವುದು ನಮ್ಮ ಕಡೆಯ ರೂಢಿ.

"ನನ್ನ ಬಾಣಂತನಕ್ಕ ಬೆಲ್ಲ ಹೊತ್ತು ತಂದ ಕೈ ಎಲ್ಲಿ ಹೋದ್ವು, ನನ ಗೆಳತೀ..."

"ಇನ್ನೂ ಏನೂ ಗೊತ್ತಿಲ್ಲ, ಅಳಬ್ಯಾಡ್ರಿ" ಎಂದೆ. ಯಾರ ಕಿವಿಗೂ ಬೀಳಲಿಲ್ಲ. ನನಗೂ ಅಷ್ಟರಲ್ಲಿ ಅನುಮಾನ ಉಳಿದಿರಲಿಲ್ಲ.

ಕಟ್ಟಾದ ಕರೆಯನ್ನು ಜೋಡಿಸಿರೆಂದು ಕಾಕಾ ಮತ್ತೆ ಮತ್ತೆ ಎಕ್ಸ್‌ಚೇಂಜಿಗೆ ಕೇಳುತ್ತಿದ್ದರು. ಲೈನ್ ಸಿಗುತ್ತಿರಲಿಲ್ಲ.

ಅಷ್ಟೊತ್ತಿಗೆ ಹುಬ್ಬಳ್ಳಿ ಬಸ್ಸು ಬಂತು. ಆಸ್ಪತ್ರೆಯಲ್ಲಿ ಅವ್ವನ ಜೊತೆಗಿದ್ದ ಅಪ್ಪ ಇಳಿದ. ಆಸ್ಪತ್ರೆಗೆ ಅಕ್ಕಿ, ಬಟ್ಟೆ ಒಯ್ಯಲು ಅವನು ಆ ದಿನ ಬರುವವನಿದ್ದ. ಅಲ್ಲಿ ತನ್ನ ನಾದಿನಿಯನ್ನು ನೋಡಿಕೊಳ್ಳುತ್ತಿದ್ದ ಮಿಶ್ರಿಕೋಟಿಯ ಅಕ್ಕ ಒಬ್ಬಳಿಗೆ ಕಾಕಾರ ಅಂಗಡಿಯ ನಂಬರು ಕೊಟ್ಟು, ಅವ್ವನನ್ನು ಒಪ್ಪಿಸಿ ಬಂದಿದ್ದ.

ಗುಂಪು ನೋಡಿ ಅಲ್ಲೇ ನಿಂತ.

"ಮುಂಜಾನೆ ಚಾ ಕುಡದಾಳಲ್ಲ... ನಾನ ಕುಡಿಸೇನಿ..." ಎನ್ನುತ್ತ ಹತ್ತಿಯ ಮೂಟೆಯ ಮೇಲೆ ಕೂತುಬಿಟ್ಟ.

ಆಗ ಫೋನ್ ಹೊಡೆದುಕೊಳ್ಳುತ್ತದೆ. ಯಾರೂ ಎತ್ತುವುದಿಲ್ಲ. ಕೊನೆಗೆ ಕಾಕಾ ಎತ್ತಿ, ಏನನ್ನೂ ಕೇಳದೆ ನನ್ನ ಕೈಗೆ ಕೊಡುತ್ತಾರೆ.

ಆ ಕಡೆ ಮಿಶ್ರಿಕೋಟಿಯ ಅಕ್ಕ. "ತಂಗಿ, ನಿಮ್ಮವ್ವ ಗಂಟು ಕಟ್ಕೊಂಡು ಹೊಂಟ ನಿಂತಾಳ. ಎದುರಿನ ಹಾಸಗ್ಯಾಕಿ ಇವತ್ತ ತೀರಕೊಂಡ್ಲು, ಅದನ್ನ ನೋಡಿ ಹೆದರ್ಯಾಳ. ನನ್ನ ಮಾತ ಕೇಳವಲ್ಲಳು. ನೀನರ ಹೇಳು."

ಗಂಟು ಕಟ್ಟಿದ್ದಾಳೆ. ಅಂದರೆ ಇದ್ದಾಳೆ!

"ಅವ್ವ ಅದಾಳ" ಎಂದು ತಿರುಗಿ ಕೂಗಿದೆ. ಗಂಗವ್ವನ ಹಾಡು ಅರ್ಧಕ್ಕೇ ನಿಂತಿತು.

ಸಮಾಧಾನಪಡಲು ಪುರುಸೊತ್ತಿರಲಿಲ್ಲ. ಕರೆಂಟು ನಡುವೆ ಬಿಟ್ಟರೆ ಈವರೆಗೆ ಕೊಟ್ಟದ್ದೂ ವ್ಯರ್ಥ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅವಳು ಬಸ್ಸು ಹತ್ತಿದರೆ ಮತ್ತೆ ಹೋಗುವವಳಲ್ಲ.

ಅವ್ವ ಫೋನ್ ಹಿಡಿದದ್ದು ಅದೇ ಮೊದಲು, ಅಂಗಡಿಗೆಲ್ಲ ಕೇಳುವಂತೆ ಕೂಗಿಯೇ ಮಾತಾಡಿದಳು. "ಯವ್ವಾ, ಸಾಯೂದಿದ್ರ ನಮ್ಮ ಮನ್ಯಾಗ ಸಾಯ್ತೇನಿ. ಇಷ್ಟ ದಿನ ಆತು, ಓಣ್ಯಾವ್ರು ಒಬ್ರರ ಈ ಕಡೆ ಹಾದ್ರೇನ? ನನ್ನ ರೋಗ ತಿಳದಿರಬೇಕ ಅವರಿಗಿ."

ಇಡೀ ಓಣಿ ನನ್ನ ಸುತ್ತ ನಿಂತಿದೆ. ಅವರಿಗೇನೂ ಗೊತ್ತಿಲ್ಲ, ಅಪ್ಪ ಮುಚ್ಚಿಟ್ಟಿದ್ದಾನೆ ಎಂದು ಅವರೆದುರೇ ಹೇಗೆ ಹೇಳಲಿ? ಟ್ರಂಕ್ ಕಾಲ್‌ಗೆ ಇರುವುದೇ ಮೂರು ನಿಮಿಷ.

ಗಂಗವ್ವ ರಿಸೀವರ್ ಕಸಿದುಕೊಂಡಳು. "ಏ ಬಸವ್ವಾ! ನೀ ಸತ್ತಿ ಅಂತ ಅಳಾಕ ಕುಂತಿದ್ವಿ ಬೇ ನಾವು!"

ಅವ್ವನ ದನಿ ಮತ್ತೆ ಅಂಗಡಿಗೆಲ್ಲ ಕೇಳಿಸಿತು. "ಏನಂತ ಹಾಡಿಕೊಂಡ ಅತ್ತಿ?"

ಗಂಗವ್ವ ತಡವರಿಸಿದಳು. "ಬಾಣಂತನಕ್ಕ ಬೆಲ್ಲಾ ತಂದಿದ್ದಿ ಅಂತ..."

"ಬರೇ ಬೆಲ್ಲಾ? ಕೊಬ್ರಿ ತಂದಿದ್ದು ಮರತೇನ?"

ಕಟ್ಟೆಯ ಮೇಲಿದ್ದವರು ನಕ್ಕುಬಿಟ್ಟರು. ಗಂಗವ್ವ ಮಾತ್ರ ನಗಲಿಲ್ಲ.

"ದವಾಖಾನಿ ಯಾವ್ದಂತ ನಿನ್ನ ಗಂಡ ಬಾಯಿ ಬಿಟ್ಟಿದ್ರ ಅಲ್ಲೇ ಬಂದ ಕುಂದರ್ತಿದ್ದೆ. ಯಾ ರೋಗ ಇದ್ರ ನನಗೇನ? ಈಗ ಬಸ್ಸಿಗಿ ಹೊಂಟೇನಿ. ನೀ ಕರೆಂಟ್ ಮುಗಸಲಾರದ ಊರಿಗಿ ಬಂದೀ ಅಂದ್ರ, ಊರ ಅಗಸಿ ಬಾಗಲದಾಗಿಂದನ ಹೊಳ್ಳಿ ಕಳಸ್ತೇನಿ, ನೋಡ್ಕೋ."

ಅವ್ವ ಹೂಂ ಅಂದಳೋ ಇಲ್ಲವೋ, ಗೊತ್ತಾಗುವ ಮೊದಲೇ ಲೈನ್ ಹೋಯಿತು.

ಗಂಗವ್ವ ಉಟ್ಟ ಸೀರೆಯಲ್ಲೇ ಅಪ್ಪನ ಜೊತೆ ಹೊರಟಳು. ಅವರು ಮುಟ್ಟುವುದರೊಳಗೆ ಅವ್ವ ಬೇರೆ ಬಸ್ಸಿನಲ್ಲಿ ಹೊರಟಿದ್ದರೆ? ಉಳಿದವರೆಲ್ಲ ಹುಬ್ಬಳ್ಳಿ ಕಡೆಯಿಂದ ಬರುವ ಒಂದೊಂದು ಬಸ್ಸನ್ನೂ ನೋಡುತ್ತ ಕೂತೆವು. ಯಾವುದರಿಂದಲೂ ಅವ್ವ ಇಳಿಯಲಿಲ್ಲ.

ಅವಳು ಹಾಸಿಗೆಯ ಮೇಲೆ ಕೂತಿದ್ದಳಂತೆ, ಗಂಟು ತೊಡೆಯ ಮೇಲಿಟ್ಟುಕೊಂಡು. ಗಂಗವ್ವನೇ ಅದನ್ನು ಬಿಚ್ಚಿದಳಂತೆ.

ಆಮೇಲೆ ಓಣಿಯ ಹೆಂಗಸರು ಪಾಳಿ ಹಚ್ಚಿಕೊಂಡು ಹೋದರು. ಅವ್ವ ಕರೆಂಟು ಪೂರ್ತಿ ಮುಗಿಸಿಕೊಂಡೇ ಬಂದಳು. ನನ್ನ ಮದುವೆ ನೋಡಿದಳು, ಮೊಮ್ಮಗಳನ್ನು ಎತ್ತಿಕೊಂಡಳು.

ಈಗ ನಾನು ಕ್ಯಾನ್ಸರ್ ರೋಗಿಗಳ ಮನೆಯವರ ಒಂದು ವಾಟ್ಸಾಪ್ ಗ್ರೂಪಿನಲ್ಲಿದ್ದೇನೆ. ನಿನ್ನೆ ಒಬ್ಬ ಹುಡುಗಿ, ಅಮ್ಮ ಕೀಮೋ ಸಾಕು ಅಂತಿದ್ದಾರೆ, ಏನು ಮಾಡಲಿ ಎಂದು ಬರೆದಿದ್ದಳು. ಧೈರ್ಯವಾಗಿರಿ ಎನ್ನುವ ಉತ್ತರಗಳು, ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಎಲ್ಲವೂ ಮಗಳಿಗೆ.

ನಾನು ಅವಳಿಗೆ ಫೋನ್ ಮಾಡಿ, ನಿಮ್ಮಮ್ಮನ ಕೈಗೆ ಕೊಡು ಎಂದೆ. ಬಹಳ ಹೊತ್ತು ಮಾತಾಡಿದೆವು. ಅವರು ಇನ್ನೂ ಏನೂ ತೀರ್ಮಾನಿಸಿಲ್ಲ... ಇವತ್ತು ಸಂಜೆ ಮತ್ತೆ ಮಾಡು ಅಂದಿದ್ದಾರೆ.

ನಿಮ್ಮ ಗ್ರೂಪುಗಳಲ್ಲಿ ರೋಗಿಯ ಜೊತೆಗೇ ಮಾತಾಡುವವರು ಯಾರಾದರೂ ಇದ್ದಾರೆಯೇ?