ಮಧ್ವೇಶನ ಟ್ರೇನಿಂಗು

ನನ್ನ ಅಕ್ಕನ ಮಗ ಮಧ್ವೇಶ ಹೇಡಿ. ಸಾಧು, ಸಜ್ಜನ, ಯಾರ ತಂಟೆಗೂ ಹೋಗದವನು ಎಂದು ಬಂಧುಗಳು ಅವನನ್ನು ಹೊಗಳುತ್ತಾರೆ. ಅವನು ಹುಟ್ಟಿದಾಗಿನಿಂದ ನೋಡಿರುವ ನಾನು ಹೇಡಿ ಎನ್ನುತ್ತೇನೆ. ಹೋಟೆಲಿನಲ್ಲಿ ಮಸಾಲೆ ದೋಸೆ ಕೇಳಿದವನ ಮುಂದೆ ಉತ್ತಪ್ಪ ತಂದಿಟ್ಟರೆ ಅದನ್ನೇ ತಿಂದು, ಚೆನ್ನಾಗಿತ್ತು ಎಂದು ಹೇಳಿ ಬರುತ್ತಾನೆ. ಅಮೆರಿಕದ ಕ್ಯಾಂಪ್‌ಬೆಲ್‌ನ ಅವನ ಮನೆಯಲ್ಲಿ, ಪಕ್ಕದವನು ಗ್ಯಾರೇಜಿಗೆ ಅಡ್ಡವಾಗಿ ಟ್ರಕ್ಕು ನಿಲ್ಲಿಸಿದರೆ ಇವನು ತನ್ನ ಕಾರನ್ನು ಮುಂದಿನ ಬೀದಿಯಲ್ಲಿ ಬಿಟ್ಟು ನಡೆದುಕೊಂಡು ಬರುತ್ತಾನೆ. ಇಷ್ಟೇ ಆಗಿದ್ದರೆ ಅದು ಅವನ ಸ್ವಂತ ನಷ್ಟ, ನಾನು ಬರೆಯುವ ಅಗತ್ಯವಿರಲಿಲ್ಲ. ಆದರೆ ಹೇಡಿ ಆಡದೆ ಬಿಟ್ಟ ಮಾತಿನ ಭಾರವನ್ನು ಮನೆಯಲ್ಲಿ ಇನ್ಯಾರೋ ಹೊರಬೇಕಾಗುತ್ತದೆ. ಈ ಮನೆಯಲ್ಲಿ ಹೊತ್ತವಳು ಅವನ ಹೆಂಡತಿ ಶೈಲಜಾ.

ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಆರು ವರ್ಷ ಹಾಸಿಗೆಯಲ್ಲಿದ್ದಳು. ಬಲಗೈ ಬಲಗಾಲು ಹೋದವು, ನಾಲಿಗೆ ಉಳಿಯಿತು. ಆರೋಗ್ಯವಾಗಿದ್ದಾಗಲೇ ಅವಳು ಸುಲಭದ ಹೆಂಗಸಲ್ಲ. ಮಲಗಿದ ಮೇಲೆ ಸಾರಿಗೆ ಉಪ್ಪಿಲ್ಲ, ಹಾಸಿಗೆ ಸುಕ್ಕಾಗಿದೆ, ಸೊಸೆಯ ಕೈ ತಣ್ಣಗಿದೆ ಎಂದು ಬೆಳಗಿನಿಂದ ಸಂಜೆಯವರೆಗೆ ಕರೆಯುತ್ತಿದ್ದಳು. ಶೈಲಜಾ ಲ್ಯಾಬಿನ ಕೆಲಸ ಬಿಟ್ಟಳು. ಮಗ್ಗುಲು ಬದಲಿಸಿದಳು, ಅನ್ನ ಕಿವುಚಿ ತಿನ್ನಿಸಿದಳು, ಮಲಮೂತ್ರ ತೆಗೆದಳು. ಪ್ರೀತಿಯಿಂದ ಮಾಡಿದಳೆಂದು ನಾನು ಹೇಳುವುದಿಲ್ಲ, ಅವಳೂ ಹೇಳಿಲ್ಲ. ಸರಿಯಾಗಿ ಮಾಡಿದಳು. ಅಕ್ಕನ ಬೆನ್ನಿನಲ್ಲಿ ಒಂದೇ ಒಂದು ಹುಣ್ಣು ಇರಲಿಲ್ಲ.

ನಡುವೆ ಎರಡು ಸಲ, ನರ್ಸಿಂಗ್ ಹೋಮಿಗೆ ಸೇರಿಸೋಣ, ದಿನಾ ಹೋಗಿ ನಾನೇ ಊಟ ಮಾಡಿಸಿ ಬರುತ್ತೇನೆ ಎಂದು ಗಂಡನಿಗೆ ಹೇಳಿದಳು. ಎರಡು ಸಲವೂ ಮಧ್ವೇಶ ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕಸದ ಡಬ್ಬಿಯನ್ನು ರಸ್ತೆಗಿಟ್ಟು ಬರುತ್ತೇನೆಂದು ಎದ್ದು ಹೋದ. ಆ ಆರು ವರ್ಷ ಗಂಡ ಹೆಂಡತಿ ಒಟ್ಟಿಗೆ ಒಂದು ರಾತ್ರಿಯೂ ಮನೆಯಿಂದ ಹೊರಗೆ ಮಲಗಲಿಲ್ಲ. ಮಗಳ ಗ್ರಾಜುಯೇಷನ್ನಿಗೆ ಅವನು ಹೋದ. ಅವಳು ಅಕ್ಕನ ಮಂಚದ ಪಕ್ಕ ಕೂತು ಫೋನಿನಲ್ಲಿ ನೋಡಿದಳು.

ಕಳೆದ ಮಾರ್ಚಿನಲ್ಲಿ ಅಕ್ಕ ಹೋದಳು. ಕರ್ಮವನ್ನೆಲ್ಲ ಮಧ್ವೇಶ ಕ್ರಮವಾಗಿ ಮಾಡಿದ. ಮೊದಲ ಮಾಸಿಕದ ದಿನ, ಊಟ ಮುಗಿದು ಬಂದವರು ಹೋದ ಮೇಲೆ, ಶೈಲಜಾ ಪಾತ್ರೆ ಉಜ್ಜುತ್ತಾ ನನಗೆ ಬೆನ್ನು ಹಾಕಿಕೊಂಡೇ ಹೇಳಿದಳು: "ಚಿಕ್ಕಮ್ಮ, ನಾನು ಗ್ರ್ಯಾಂಡ್ ಕ್ಯಾನಿಯನ್ ನೋಡಬೇಕು."

"ನೋಡು," ಎಂದೆ.

"ವರ್ಷ ತುಂಬಿಲ್ಲ."

"ಅದು ಕ್ಯಾನಿಯನ್ನಿಗೆ ಗೊತ್ತಾಗಲ್ಲ."

ಅವಳು ನಗಲಿಲ್ಲ. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. ನಮ್ಮ ಮನೆಗಳಲ್ಲಿ ತಾಯಿ ಸತ್ತ ವರ್ಷ ಮಗ ಸೊಸೆ ಹಬ್ಬ ಮಾಡುವುದಿಲ್ಲ, ಮದುವೆಗೆ ಹೋಗುವುದಿಲ್ಲ. ವಿನೋದಕ್ಕೆ ಊರು ಸುತ್ತುವುದಂತೂ ಕೂಡದು ಎನ್ನುತ್ತಾರೆ. ಸೊಸೆ ಆರು ವರ್ಷ ಹೊಸ್ತಿಲು ದಾಟದೆ ಇದ್ದಾಗ ಅದರ ಬಗ್ಗೆ ಯಾವ ಶಾಸ್ತ್ರವನ್ನೂ ಯಾರೂ ಎತ್ತಿರಲಿಲ್ಲ. ಎರಡನೆಯ ಮಾಸಿಕ ಮುಗಿಸಿ, ಮೇ ಕೊನೆಯ ಲಾಂಗ್ ವೀಕೆಂಡಿಗೆ ಹೊರಡುವುದೆಂದು ಅವಳು ನಿಶ್ಚಯಿಸಿದಳು. ರೂಮುಗಳನ್ನು ಅವಳೇ ಬುಕ್ ಮಾಡಿದಳು. ಗಂಡನಿಗೆ ವಹಿಸಿದ್ದು ಒಂದೇ ಕೆಲಸ: ಶಶಿಧರನಿಗೆ ತಿಳಿಸುವುದು.

ಶಶಿಧರ ಮಧ್ವೇಶನ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಹಿರಿಯ. ಅಕ್ಕ ಅವನಿಗೆ ಚಿಕ್ಕಮ್ಮ. ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಮ್ಯಾನೇಜರು. ಮನೆತನಕ್ಕೂ ತಾನೇ ಮ್ಯಾನೇಜರು ಎಂದುಕೊಂಡಿದ್ದಾನೆ. ಹಬ್ಬಕ್ಕೊಮ್ಮೆ ಹಣ್ಣು ಹಿಡಿದು ಬಂದು ಅಕ್ಕನ ಕಾಲ ಬಳಿ ನಿಂತು, "ಶೈಲಜಾ, ನಿನ್ನಂಥ ಸೊಸೆ ಸಿಗೋಕೆ ಚಿಕ್ಕಮ್ಮ ಪುಣ್ಯ ಮಾಡಿರಬೇಕು," ಎಂದು ಕಾಫಿ ಕುಡಿದು ಹೋಗುತ್ತಿದ್ದ. ಮಂಚದ ತಲೆಯ ಕಡೆಗೆ ಅವನು ಹೋದದ್ದನ್ನು ನಾನು ಕಂಡಿಲ್ಲ.

"ಶಶಿಗೆ ಹೇಳಿದಿರಾ?" ಎಂದು ಶೈಲಜಾ ಕೇಳಿದಳು.

"ಹೇಳಿದೆ. ಏನೂ ಅನ್ನಲಿಲ್ಲ," ಎಂದ ಮಧ್ವೇಶ.

ಮೂವತ್ತು ವರ್ಷ ಸಂಸಾರ ಮಾಡಿದವಳು ಅಲ್ಲೇ ಅನುಮಾನಪಡಬೇಕಿತ್ತು. ಪುಳಿಯೋಗರೆ ಗೊಜ್ಜು, ಚಪಾತಿ, ಕುಕ್ಕರು ಕಟ್ಟಿಕೊಂಡು ಹೊರಟುಬಿಟ್ಟಳು.

ಮುಂದಿನದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಹೊಂದದ ಕಡೆಗಳಲ್ಲಿ ನಾನು ಶೈಲಜಾಳ ಮಾತನ್ನು ತೆಗೆದುಕೊಂಡಿದ್ದೇನೆ. ಮಧ್ವೇಶ ಹೆದರಿದಾಗ ಎದುರಿಗಿರುವುದನ್ನೂ ಸರಿಯಾಗಿ ನೋಡುವವನಲ್ಲ.

ಬಾರ್‌ಸ್ಟೋ ದಾಟಿ ಮೊಹಾವಿ ಮರುಭೂಮಿಯೊಳಗೆ ಕಾರು ಹೋಗುತ್ತಿತ್ತು. ಮಧ್ವೇಶ ಓಡಿಸುತ್ತಿದ್ದ, ಶೈಲಜಾ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಅವನ ಫೋನು ಕಾರಿನ ಸ್ಪೀಕರಿಗೆ ಜೋಡಿಸಿತ್ತು. ಅದು ಬಡಿದುಕೊಂಡಾಗ ಗಾಬರಿಯಲ್ಲಿ ನಿಲ್ಲಿಸಲು ಹೋಗಿ ಎತ್ತುವ ಗುಂಡಿ ಒತ್ತಿದ. ಕಾರಿನ ತುಂಬ ಶಶಿಧರನ ಧ್ವನಿ ಬಂತು.

"ಏನೋ ಮಧ್ವ, ಫೀನಿಕ್ಸ್ ಮುಟ್ಟಿದ್ಯಾ?"

"ಇಲ್ಲ, ದಾರೀಲಿ."

"ಈ ಬಿಸಿಲಲ್ಲಿ ಅಲ್ಲಿ ಟ್ರೇನಿಂಗ್ ಇಡೋ ನಿಮ್ಮ ಕಂಪನಿಗೆ ಬುದ್ಧಿ ಇಲ್ಲ ಬಿಡು. ಎಷ್ಟು ದಿನ?"

"ಒಂದು ವಾರ."

"ಶೈಲಜಾನ್ನ ಕರ್ಕೊಂಡು ಹೋಗಿದ್ದು ಒಳ್ಳೇದಾಯ್ತು. ಚಿಕ್ಕಮ್ಮನ ರೂಮ್ ನೋಡ್ಕೊಂಡು ಒಬ್ಬಳೇ ಇರೋಕೆ ಭಯ ಅಂದ್ಲಂತಲ್ಲ, ಪಾಪ."

"ಹ್ಞೂಂ."

"ಆದ್ರೆ ಒಂದು ಮಾತು ಕೇಳು. ಅಷ್ಟು ದೂರ ಹೋಗಿದ್ದೀವಿ ಅಂತ ಅಲ್ಲಿ ಇಲ್ಲಿ ಸುತ್ತೋಕೆ ಹೋಗ್ಬೇಡಿ. ಲಾಂಗ್ ವೀಕೆಂಡು, ನಮ್ಮೋರೆಲ್ಲ ಆ ಕಡೆನೇ ಬರ್ತಾರೆ. ಕಣ್ಣಿಗೆ ಬಿದ್ರೆ ಚೆನ್ನಾಗಿರಲ್ಲ."

"ಇಲ್ಲ ಇಲ್ಲ. ಹೋಟೆಲಲ್ಲೇ ಇರ್ತೀವಿ."

ಫೋನು ನಿಂತ ಮೇಲೂ ಶೈಲಜಾ ಸುಲಿಯುತ್ತಲೇ ಇದ್ದಳು. ತೊಳೆ ಬಿಡಿಸಿ ಎಂದಿನಂತೆ ಅವನ ಬಾಯಿಗಿಡದೆ ತಾನೇ ತಿಂದಳು.

"ನನಗೆ ಯಾವತ್ತಿಂದ ಭಯ ಶುರುವಾಯ್ತು?"

"ಸುಮ್ನೆ ಅಂದೆ ಕಣೆ. ಅವನ ಬಾಯಿ ಮುಚ್ಚಿಸೋಕೆ."

"ಮುಚ್ಚಿತಾ?"

ಮುಂದಿನ ಎಕ್ಸಿಟ್ಟಿನಲ್ಲಿ ನಿಲ್ಲಿಸಿ ಎಂದಳು. ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದ.

"ವಾಪಸ್ ಹೋಗೋಣ್ವಾ?" ಎಂದು ಕೇಳಿದನಂತೆ. ಆ ಪ್ರಶ್ನೆಯಲ್ಲಿ ಆಸೆ ಇತ್ತು ಎಂದು ಶೈಲಜಾ ಹೇಳುತ್ತಾಳೆ.

"ಯಾಕೆ ವಾಪಸ್ ಹೋಗಬೇಕು? ನಿಮ್ಮಮ್ಮನ ಹಾಸಿಗೆ ಬದಲಿಸುವಾಗ ನಾನು ಬಾಗಿಲು ಹಾಕ್ಕೊಂಡಿರಲಿಲ್ಲ. ಬಂದೋರು ಹೋದೋರು ಎಲ್ಲ ನೋಡಿದ್ರು. ಈಗ ಒಂದು ವಾರ ಊರು ನೋಡೋಕೆ ಕಳ್ಳಿ ಥರ ಬರಬೇಕಾ?"

"ಹಾಗಲ್ಲ ಶೈಲು."

"ಹಾಗೇ. ನೀವು ಟ್ರೇನಿಂಗಿಗೆ ಹೊರಟಿದ್ದೀರಿ, ನಾನು ಕ್ಯಾನಿಯನ್ ನೋಡೋಕೆ ಹೊರಟಿದ್ದೀನಿ. ದಾರಿ ಒಂದೇ ಇದೆ, ಕೂತ್ಕೊಳ್ಳಿ. ಕೀ ಕೊಡಿ."

ಅಲ್ಲಿಂದ ಮುಂದೆ ಅವಳೇ ಓಡಿಸಿದಳು.

ಅವಳು ಮಾತು ಬಿಡುವ ಹೆಂಗಸಲ್ಲ. ಮಾತಾಡಿಯೇ ಅವನನ್ನು ಸುಸ್ತು ಮಾಡಿದಳು. ಕಿಂಗ್‌ಮನ್ನಿನ ಮೋಟೆಲಿನಲ್ಲಿ ಕೌಂಟರಿನ ಹುಡುಗಿ, ಎಲ್ಲಿಗೆ ಪ್ರಯಾಣ ಎಂದು ಕೇಳಿದರೆ, "ನಾನು ಪ್ರವಾಸಕ್ಕೆ, ಇವರು ಟ್ರೇನಿಂಗಿಗೆ," ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಸೆಡೋನಾದ ಕೆಂಪು ಬಂಡೆಗಳ ಕೆಳಗೆ ಯಾರೋ ಮುದುಕ ಮುದುಕಿ ಮಾತಿಗೆ ಬಂದರೆ ಅವರಿಗೂ ಅದನ್ನೇ ಹೇಳಿದಳು. ಸಂಜೆ ಪುಳಿಯೋಗರೆ ಕಲಸುತ್ತಾ, "ಇವತ್ತು ಏನು ಕಲಿಸಿದ್ರು?" ಎಂದು ಕೇಳುತ್ತಿದ್ದಳು. ಮೊದಲ ದಿನ ಮಧ್ವೇಶ ನಕ್ಕ. ಎರಡನೆಯ ದಿನ ಟೀವಿ ಹಾಕಿದ. ಮೂರನೆಯ ದಿನ, "ಸಾಕು ಮಾಡೇ," ಎಂದ.

"ನೀವು ಸಾಕು ಮಾಡಿ. ಫೋನ್ ಕೈಯಲ್ಲೇ ಇದೆ."

"ಊರಿಗೆ ಹೋದ ಮೇಲೆ ಹೇಳ್ತೀನಿ, ಎದುರಿಗೆ ಕೂತು."

"ಊರಿಗೆ ಹೋದ ಮೇಲೆ ಕಸದ ಡಬ್ಬಿ ಇರುತ್ತೆ," ಎಂದಳು ಶೈಲಜಾ.

ಅವನ ಫೋನಿನಲ್ಲಿ ಬಂಡೆಗಳ ಚಿತ್ರಗಳಿದ್ದವು, ಆಕಾಶದ ಚಿತ್ರಗಳಿದ್ದವು, ಕಳ್ಳಿಗಿಡಗಳಿದ್ದವು. ಮನುಷ್ಯರದ್ದು ಒಂದೂ ಇರಲಿಲ್ಲ. ಅದನ್ನು ಅವಳು ನೋಡಿದಳು. ಆಮೇಲೊಮ್ಮೆ ಅವನು ಸಮಾಧಾನ ಮಾಡಲೆಂದು, ಬಾ ಇಬ್ಬರೂ ನಿಲ್ಲೋಣ ಎಂದು ಕರೆದಾಗ ಬರಲಿಲ್ಲ. "ಬೇಡಪ್ಪ, ಸಾಕ್ಷಿ ಆಗಿಬಿಡುತ್ತೆ," ಎಂದಳು.

ಇಷ್ಟಾದರೂ ಪ್ರವಾಸವನ್ನು ಅವಳು ಕೆಡಿಸಿಕೊಳ್ಳಲಿಲ್ಲ. ಕ್ಯಾನಿಯನ್ನಿನ ಒಳಕ್ಕೆ ಇಳಿಯುವ ಕಾಲುದಾರಿಯಲ್ಲಿ ಒಬ್ಬಳೇ ಸ್ವಲ್ಪ ದೂರ ಹೋಗಿ, ನೆರಳಿದ್ದ ಕಡೆ ಒಂದು ಕಲ್ಲಿನ ಮೇಲೆ ಕೂತಳು. ಕ್ಯಾನಿಯನ್ ಹೇಗಿತ್ತು ಎಂದು ನಾನು ಕೇಳಿದಾಗ ಅವಳು ಬಣ್ಣವನ್ನಾಗಲಿ ಆಳವನ್ನಾಗಲಿ ಹೇಳಲಿಲ್ಲ. "ಯಾರೂ ಕರೀಲಿಲ್ಲ ಚಿಕ್ಕಮ್ಮ. ಅಷ್ಟು ಹೊತ್ತು ಕೂತಿದ್ದೆ, ಒಬ್ಬರೂ ಕರೀಲಿಲ್ಲ," ಎಂದಳು. ಹೇವರ್ಡಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಆ ಕಣಿವೆಯ ಬಗ್ಗೆ ಬಹಳ ವರ್ಣನೆಗಳನ್ನು ಕೇಳಿದ್ದೇನೆ. ಇದನ್ನು ಕೇಳಿರಲಿಲ್ಲ.

ಅವಳು ಮೇಲೆ ಬಂದಾಗ ಮಧ್ವೇಶ ಅಂಚಿನ ವ್ಯೂ ಪಾಯಿಂಟಿನಲ್ಲಿ ಕಾಯುತ್ತಿದ್ದ, ಕಂಬಿಯಿಂದ ಸಾಕಷ್ಟು ಹಿಂದೆ. ಇಬ್ಬರೂ ನೀರು ಕುಡಿಯುತ್ತಿದ್ದಾಗ ಬಸ್ಸಿನಿಂದ ಇಳಿದ ಗುಂಪಿನಲ್ಲಿ ಯಾರೋ ಕನ್ನಡದಲ್ಲಿ ಮಾತಾಡುವುದು ಕೇಳಿಸಿತು. ಅದರಲ್ಲಿ ವಿಶೇಷವೇನಿಲ್ಲ. ಆ ವಾರಾಂತ್ಯ ಅಲ್ಲಿ ಕನ್ನಡ ಕೇಳದಿದ್ದರೆ ವಿಶೇಷ. ಆದರೆ ಆ ಧ್ವನಿ ಸಂತೋಷಕುಮಾರನದು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮೈಕು ಬಿಡದವನು, ಶಶಿಧರನ ಜೊತೆ ವಾರವಾರವೂ ಟೆನಿಸ್ ಆಡುವವನು.

ಮಧ್ವೇಶ ತಿರುಗಿ ನಿಂತ. ಬಂಡೆಯ ಪದರಗಳ ಹೆಸರು ಬರೆದ ಒಂದು ಫಲಕ ಅಲ್ಲಿತ್ತು. ಅದನ್ನು ಓದತೊಡಗಿದ. ಶೈಲಜಾ ನಿಂತಲ್ಲೇ ನಿಂತಳು.

"ಶೈಲಜಾ ಮೇಡಂ, ನೀವಾ? ನಾನು ಬೇರೆ ಯಾರೋ ಅಂದ್ಕೊಂಡೆ," ಎಂದು ಸಂತೋಷಕುಮಾರ ಹತ್ತಿರ ಬಂದ.

"ಬೇರೆ ಯಾರೂ ಅಲ್ಲ. ನಾನೇ."

"ಅಲ್ಲ, ಶಶಿಧರ್ ಅವರು ಫೀನಿಕ್ಸಲ್ಲಿ ಟ್ರೇನಿಂಗು ಅಂದಿದ್ರು. ಮತ್ತೆ ನಿಮ್ಮತ್ತೆಯವರು ಹೋಗಿ ಇನ್ನೂ..." ಅವನು ಬೆರಳು ಮಡಿಸಿ ತಿಂಗಳು ಎಣಿಸುವವನಂತೆ ಮಾಡಿದ.

"ಹೌದು, ಮಾರ್ಚಿನಲ್ಲಿ ಹೋದ್ರು. ನಾನು ಕ್ಯಾನಿಯನ್ ನೋಡೋಕೆ ಬಂದೆ."

"ಓ. ಸಾರ್?"

ಊರೂರಿನಲ್ಲಿ ಅಪರಿಚಿತರಿಗೆಲ್ಲ ಹೇಳಿದ್ದ ವಾಕ್ಯ ಅವಳ ನಾಲಿಗೆಯ ಮೇಲೇ ಇತ್ತು. ಅದನ್ನು ಹೇಳಿದ್ದರೆ ಮಧ್ವೇಶ ಬಚಾವಾಗುತ್ತಿದ್ದ. ಹತ್ತಿರದಲ್ಲೇ ಟ್ರೇನಿಂಗು, ಒಂದು ದಿನ ಬಿಡುವು, ಹೆಂಡತಿಯ ಒತ್ತಾಯ, ಹೀಗೆ ಏನಾದರೂ ಕಟ್ಟಬಹುದಿತ್ತು. ಅವಳು ಹೇಳಲಿಲ್ಲ. "ಅಲ್ಲೇ ಇದ್ದಾರೆ, ಅವರನ್ನೇ ಕೇಳಿ," ಎಂದಳು.

ಆ ಫಲಕವನ್ನು ನಾನು ಬಲ್ಲೆ. ಓದಲು ಒಂದು ನಿಮಿಷ ಸಾಕು. ಮಧ್ವೇಶ ಬಹಳ ಹೊತ್ತು ಓದಿದ, ಒಂದು ಪದರದ ಹೆಸರೂ ತಲೆಗೆ ಹತ್ತಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಕಾರು ನಿಲ್ಲಿಸಿದ ಕಡೆಗೆ ಹೋಗುವ ದಾರಿ ಅವನ ಬಲಕ್ಕೇ ಇತ್ತು. ಶೈಲಜಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಅವನು ಆ ದಾರಿ ಹಿಡಿದರೆ ಮುಂದೇನು ಮಾಡುವುದೆಂದು ತಾನು ಆಗಲೇ ನಿಶ್ಚಯಿಸಿದ್ದೆ ಎಂದು ನನಗೆ ಹೇಳಿದ್ದಾಳೆ. ಏನೆಂದು ನಾನು ಕೇಳಲಿಲ್ಲ.

ಅವನು ಬಂದ. "ಟ್ರೇನಿಂಗ್ ಇಲ್ಲ," ಎಂದ. ಗಾಳಿಗೆ ಅದು ಕೇಳಿಸಲಿಲ್ಲ.

"ಏನು ಸಾರ್?" ಎಂದ ಸಂತೋಷಕುಮಾರ.

ಎರಡನೆಯ ಸಲ ಹೇಳಬೇಕಾಯಿತು, ಇನ್ನೂ ಜೋರಾಗಿ. "ಟ್ರೇನಿಂಗ್ ಗೀನಿಂಗ್ ಏನೂ ಇಲ್ಲ. ಶಶಿಗೆ ನಾನು ಸುಳ್ಳು ಹೇಳಿದ್ದೆ. ಇವಳಿಗೆ ಭಯವೂ ಇಲ್ಲ. ನಾವಿಬ್ಬರೂ ಊರು ನೋಡೋಕೆ ಬಂದಿದ್ದೀವಿ."

ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಸಂತೋಷಕುಮಾರ ಉದಾರವಾಗಿ ಕೈಯಾಡಿಸಿದ. "ಹೋಗ್ಲಿ ಬಿಡಿ ಸಾರ್, ಅದಕ್ಕೇನಂತೆ. ನಾನೇನೂ ಯಾರಿಗೂ ಹೇಳೋಕೆ ಹೋಗಲ್ಲ."

ಮಧ್ವೇಶನಿಗೆ ಬಾಳೆಲ್ಲ ಬೇಕಾಗಿದ್ದ ಮಾತು ಅದು. ಅದನ್ನು ಇಷ್ಟು ಸುಲಭವಾಗಿ ಕೊಟ್ಟವರು ಹಿಂದೆ ಯಾರೂ ಇರಲಿಲ್ಲ.

"ಹೇಳಿ," ಎಂದ ಮಧ್ವೇಶ.

"ಏನಂದ್ರಿ?"

"ಹೇಳಿ ಅಂದೆ. ಒಂದು ಫೋಟೋನೂ ತೆಗೀರಿ, ಇಬ್ಬರೂ ಕಾಣೋ ಹಾಗೆ. ನನ್ನ ಫೋನಲ್ಲಿ ಬೇಡ, ನಿಮ್ಮದರಲ್ಲೇ ತೆಗೀರಿ. ಇವತ್ತೇ ಶಶಿಗೆ ಕಳಿಸಿ."

ಸಂತೋಷಕುಮಾರ ಫೋನು ಹಿಡಿದು, ಸಾರ್ ಮುಖ ಟೋಪಿಯ ನೆರಳಲ್ಲಿದೆ, ಯಾರು ಅಂತ ಗೊತ್ತಾಗಲ್ಲ ಎಂದ. ಮಧ್ವೇಶ ಟೋಪಿ ತೆಗೆದ. ತಾಯಿಯ ಕರ್ಮಕ್ಕೆ ಬೋಳಿಸಿದ ತಲೆ. ಕೂದಲು ಇನ್ನೂ ಬಾಚುವಷ್ಟು ಬಂದಿರಲಿಲ್ಲ. ಟೋಪಿಯನ್ನು ಹೆಂಡತಿಯ ಕೈಗೆ ಕೊಟ್ಟು, ಅವಳ ಪಕ್ಕದಲ್ಲಿ ಕಂಬಿಗೆ ಬೆನ್ನು ಕೊಟ್ಟು ನಿಂತ.