ನವಾಬನ ಕಪ್ಪನ್ನ

ಜ್ವರ ಬಿಟ್ಟು ಎಷ್ಟೋ ತಿಂಗಳಾಗಿತ್ತು. ಫಿಟ್ಟರನ ನಾಲಿಗೆಗೆ ರುಚಿ ಮಾತ್ರ ತಿರುಗಿ ಬಂದಿರಲಿಲ್ಲ. ಹೆಂಡತಿ ಏನು ಬಡಿಸಿದರೂ ಒದ್ದೆ ರಟ್ಟು ಅಗಿದ ಹಾಗೆ. ಡಾಕ್ಟರು ಹೋದಾಗಲೆಲ್ಲ “ಬರುತ್ತೆ, ಬರುತ್ತೆ” ಎನ್ನುತ್ತಿದ್ದರು. “ಏನು ಬಸ್ಸೇನ್ರೀ ಅದು, ಬರೋದಕ್ಕೆ?” ಎಂದು ಅವರ ಮುಖಕ್ಕೇ ಕೇಳಿ ಬಂದಿದ್ದ.

ಬೇರೆಯವರಾಗಿದ್ದರೆ ಹೇಗೋ ಸಹಿಸುತ್ತಿದ್ದರೇನೋ. ಆದರೆ ಈ ಮನುಷ್ಯನಿಗೆ ಹೇಳಿಕೊಳ್ಳುವುದಕ್ಕೆ ಅಂತ ಇದ್ದದ್ದೇ ನಾಲಿಗೆ. ಅರ್ಧ ಆಯುಸ್ಸು ಸರಕು ಹಡಗಿನ ಹೊಟ್ಟೆಯಲ್ಲಿ ಪೈಪು ಬಿಗಿಯುತ್ತ ಕಳೆದವನು, ಕಡಲಿಗಿಂತ ಎಂಜಿನ್ ಎಣ್ಣೆ ಕಂಡದ್ದೇ ಹೆಚ್ಚು. ದೇಶ ಸುತ್ತಿದ್ದೆಲ್ಲ ತಟ್ಟೆಯ ಮೇಲೆ. ಅದಕ್ಕೆ ಕಾರಣ ನವಾಬ.

ನವಾಬ ಆ ಹಡಗಿನ ಅಡುಗೆಯವನು. ಮಲಗಲು ಸ್ವಂತದೊಂದು ಕೋಣೆಯೂ ಇಲ್ಲದವನಿಗೆ ಆ ಹೆಸರು ಬಂದದ್ದು ಗತ್ತಿನಿಂದ. ಮೈಮೇಲೆ ನೇರಳೆ ರೇಷ್ಮೆ ಅಂಗಿ, ತಲೆಯ ಮೇಲೆ ಪಣ ಕಟ್ಟಿ ಗೆದ್ದ ಹೆಂಗಸರ ಹ್ಯಾಟು. ಕ್ಯಾಪ್ಟನ್ ಇಣುಕಿದರೂ “ಬೂಟು ಹೊರಗೆ ಬಿಡಿ ಸಾಹೇಬ್ರೇ” ಅನ್ನುವಷ್ಟು ಕೊಬ್ಬು. ಹಡಗು ದಡ ಮುಟ್ಟಿತೋ, ಚೀಲ ಹಿಡಿದು ಮಾರ್ಕೆಟ್ಟಿಗೆ ಓಟ. ಅಲ್ಲಿನ ಮುದುಕಿಯರ ಹತ್ತಿರ ಕೈಸನ್ನೆಯಲ್ಲೇ ಜಗಳವಾಡಿ, ಕೈಸನ್ನೆಯಲ್ಲೇ ಅಡುಗೆ ಕಲಿತು ಬರುತ್ತಿದ್ದ. ಇರುವೆ ಮೊಟ್ಟೆ, ಕುದುರೆ ಮಾಂಸ, ಮೊಸಳೆ ಬಾಲ, ಒಂದೇ ಎರಡೇ! ಎಲ್ಲಕ್ಕಿಂತ ಮೇಲು ಆ ಕಪ್ಪನ್ನ. ಬೊಂಡಾಸ್ ಅನ್ನುವ ಹತ್ತು ಕೈಗಳ ಕಡಲಜೀವಿಯ ಹೊಟ್ಟೆಯಲ್ಲಿ ಒಂದು ಮಸಿಚೀಲ ಇರುತ್ತದಲ್ಲ, ಆ ಮಸಿಯಲ್ಲೇ ಬೆಂದ ಅನ್ನ. ತಿಂದವರ ಹಲ್ಲೆಲ್ಲ ಕಪ್ಪು.

ಒಂದು ಕಟ್ಟಳೆ ಇತ್ತು. ಪಾತ್ರೆ ಇಳಿಸುವ ಮುಂಚೆ ನವಾಬ ಎಂಜಿನ್ ರೂಮಿನ ಬಾಗಿಲಲ್ಲಿ ನಿಂತು “ಲೇ ಫಿಟ್ಟರ್, ಬಾರೋ ಮೇಲೆ!” ಎಂದು ಕೂಗಬೇಕು, ಇವನು ಒಂದು ಸೌಟು ತಿಂದು ತಲೆಯಾಡಿಸಬೇಕು. ಅಲ್ಲಿಯವರೆಗೆ ಯಾರು ತಟ್ಟೆ ಬಡಿದರೂ ಅನ್ನ ಬೀಳುತ್ತಿರಲಿಲ್ಲ.

“ಆ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ” ಎನ್ನುತ್ತಿದ್ದಳು ಹೆಂಡತಿ. “ನಾನು ಬೇಯಿಸಿ ಹಾಕಿದ್ದಕ್ಕೆ ಒಂದು ದಿನ ತಲೆ ಆಡಿಸಿದ್ದೀರಾ?”

ಅಂಥದ್ದರಲ್ಲಿ ನವಾಬನ ಫೋನ್ ಬಂತು. ಈ ಊರಿನಲ್ಲಿ ರೈಲು ಬದಲಿಸುವ ನಡುವೆ ಒಂದು ಮಧ್ಯಾಹ್ನ ಬಿಡುವಿದೆ, ಮನೆಗೆ ಬರುತ್ತಾನಂತೆ. ಫಿಟ್ಟರನಿಗೆ ಜೀವ ಬಂದ ಹಾಗಾಯಿತು. ಆ ಕೈಯ ಕಪ್ಪನ್ನಕ್ಕೂ ಎಚ್ಚರಾಗದಿದ್ದರೆ ಈ ನಾಲಿಗೆ ಇನ್ನು ಸತ್ತ ಲೆಕ್ಕವೇ. ಮೀನಂಗಡಿಗೆ ಹೋಗಿ ಚಿಲ್ಲರೆ ಹುಡುಕುವಷ್ಟರಲ್ಲಿ ಅಂಗಡಿಯವನು ಬೊಂಡಾಸನ್ನು ಚೊಕ್ಕ ಮಾಡಿ ಮಸಿಚೀಲಗಳನ್ನೆಲ್ಲ ಬಕೆಟ್ಟಿಗೆ ಎಸೆದಿದ್ದ. “ಅಯ್ಯೋ ಪುಣ್ಯಾತ್ಮ, ಅದಕ್ಕೇ ಕಣಯ್ಯಾ ನಾನು ಬಂದಿರೋದು!” ಎಂದು ಕೂಗಾಡಿ, ಬಕೆಟ್ಟಿಗೆ ಕೈ ಹಾಕಿ ತಾನೇ ಆರಿಸಿ ತಂದ.

ನವಾಬ ಬಂದ. ನೇರಳೆ ರೇಷ್ಮೆ ಹೋಗಿ ಬರೀ ಬಿಳಿ ಅಂಗಿ ಬಂದಿತ್ತು, ಬೆನ್ನು ಬಾಗಿತ್ತು, ಗತ್ತು ಹಾಗೇ ಇತ್ತು. “ಅತ್ತಿಗೆ, ಇವತ್ತು ಅಡುಗೆಮನೆ ನಂದು” ಎಂದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಒಲೆ ಹಿಡಿದ. ತನ್ನ ಪಾತ್ರೆಗೆಲ್ಲ ಮಸಿ ಮೆತ್ತಿದ್ದನ್ನು ನೋಡಿ ಅವಳ ಮುಖ ಗಂಟಾಯಿತು. ಕೊನೆಗೆ ನವಾಬ ಸೌಟು ಚಾಚಿದ.

“ಹದ ಬಂತೇನೋ?”

ಫಿಟ್ಟರ್ ಬಾಯಿಗಿಟ್ಟ. ಅಗಿದ. ಕಣ್ಣು ಮುಚ್ಚಿ ಅಗಿದ. ಏನೂ ಇಲ್ಲ. ಅದೇ ರಟ್ಟು.

“ಗೊತ್ತಾಗ್ತಿಲ್ಲ ಕಣೋ! ಜ್ವರ ಬಂದಾಗಿನಿಂದ ಏನೂ ಗೊತ್ತಾಗ್ತಿಲ್ಲ. ನೀನೇ ನೋಡು.”

ನವಾಬನ ಮುಖ ಬಿಳಿಚಿತು. “ನಾನೇನು ನೋಡ್ಲಿ? ಹಡಗು ಸೇರೋಕೆ ಮುಂಚೆನೇ ಬಿದ್ದು ತಲೆಗೆ ಪೆಟ್ಟಾಗಿತ್ತು. ಆವತ್ತಿಂದ ವಾಸನೆ ಇಲ್ಲ, ರುಚಿ ಇಲ್ಲ. ಹೇಳಿದ್ರೆ ಕೆಲಸ ಕೊಡ್ತಿದ್ರಾ? ನಿನ್ನ ನಾಲಿಗೇಲಿ ಅಡುಗೆ ಮಾಡ್ತಿದ್ದೆ ಕಣೋ, ಅಷ್ಟೂ ವರ್ಷ.”

ಫಿಟ್ಟರನಿಗೆ ಸಿಟ್ಟು ನೆತ್ತಿಗೇರಿತು. ತನ್ನನ್ನು ಸ್ನೇಹಕ್ಕೆ ಕೂಗುತ್ತಾನೆ ಅಂದುಕೊಂಡು ಇಷ್ಟು ವರ್ಷ ಮೆರೆದದ್ದಾಯಿತಲ್ಲ! ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದ. “ಹಾಳಾಗಿ ಹೋಗ್ಲಿ! ಚೆಲ್ಲಿಬಿಡು ಅದನ್ನ.”

“ಚೆಲ್ಲೋದ್ಯಾಕೆ, ಅನ್ನ ಅಲ್ವಾ?” ಹೆಂಡತಿ ಎದ್ದು ಬಂದಳು. ಮೂಗು ಮುರಿದುಕೊಂಡೇ ಒಂದು ತುತ್ತು ಬಾಯಿಗಿಟ್ಟಳು. ಮುರಿದ ಮೂಗು ನೆಟ್ಟಗಾಯಿತು. ಇನ್ನೊಂದು ತುತ್ತು. ಆಮೇಲೆ ತಟ್ಟೆ ತೆಗೆದು ಬಡಿಸಿಕೊಂಡೇ ಕೂತಳು. ಇಬ್ಬರು ಗಂಡಸರೂ ಅವಳ ಬಾಯನ್ನೇ ನೋಡುತ್ತ ನಿಂತರು.

“ಹೇಗಿದೆ ಅಂತ ಹೇಳೇ!” ಫಿಟ್ಟರ್ ಕಿರುಚಿದ.

“ಚೆನ್ನಾಗಿದೆ.”

“ಬರೀ ಚೆನ್ನಾಗಿದೆಯಾ? ಅಷ್ಟೇನಾ? ಉಪ್ಪುನೀರಿನ ಘಮ, ಆ ಸಿಹಿ, ಒಂದೂ ಹೇಳೋಕೆ ಬರಲ್ವಾ ನಿಂಗೆ?”

“ಬಯ್ಯಬೇಡ್ವೋ ಅವರನ್ನ” ಎಂದ ನವಾಬ, ಅವಳ ಕಪ್ಪು ಹಲ್ಲುಗಳಿಂದ ಕಣ್ಣು ತೆಗೆಯದೆ. “ನೀನೂ ತಲೆಯಾಡಿಸಿ ಅಷ್ಟೇ ಹೇಳ್ತಿದ್ದೆ. ಅದನ್ನೇ ನಂಬಿ ಹಡಗಿಗೆಲ್ಲ ಬಡಿಸ್ತಿದ್ದೆ ನಾನು.”